ಹಳೇ ಬಾತ್‌ರೂಮ್ ರಿಪೇರಿ: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬೇಕು

1990ರ ಆಸುಪಾಸಿನಲ್ಲಿ ಕಟ್ಟಿದ ಮನೆಗಳ ಬಾತ್‌ರೂಮ್ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. 5×7 ಅಡಿ ಜಾಗ, ಎದೆಮಟ್ಟದವರೆಗೆ ಬಿಳಿ ಟೈಲ್ಸ್, ಅದರ ಮೇಲೆ ಉದುರುತ್ತಿರುವ ಡಿಸ್ಟೆಂಪರ್, ಮೊಸಾಯಿಕ್ ನೆಲ, ಗೋಡೆಯೊಳಗೆ ತುಕ್ಕು ಹಿಡಿದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ಕೆಳಗೆ ಕೊಳೆತ ಬಾಗಿಲು. ಇದನ್ನು ಸರಿಮಾಡಲು ಹೊರಟವರು ಸಾಮಾನ್ಯವಾಗಿ ಮೊದಲು ಟೈಲ್ಸ್ ಅಂಗಡಿಗೆ ಹೋಗುತ್ತಾರೆ. ಅಲ್ಲೇ ಅರ್ಧ ಬಜೆಟ್ ಮುಗಿಯುತ್ತದೆ. ಆಮೇಲೆ ಪೈಪು, ವಾಟರ್‌ಪ್ರೂಫಿಂಗ್ ವಿಷಯ ಬಂದಾಗ "ಹೇಗೋ ಮಾಡಿ ಮುಗಿಸಿ" ಅನ್ನುವ ಪರಿಸ್ಥಿತಿ. ಎರಡು ವರ್ಷದಲ್ಲಿ ಪಕ್ಕದ ರೂಮಿನ ಗೋಡೆಗೆ ತೇವ ಬಂದರೆ ಅದೇ ದುಬಾರಿ ಟೈಲ್ಸ್ ಒಡೆಯಬೇಕು. ಹಾಗಾಗಿ ಈ ಲೇಖನದಲ್ಲಿ ಟೈಲ್ಸ್ ಒಳಗೆ ಮುಚ್ಚಿಹೋಗುವ ಕೆಲಸಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಸುತ್ತಿಗೆ ಎತ್ತುವ ಮೊದಲು

ಮೊದಲು ಸೋರಿಕೆ ಎಲ್ಲಿಂದ ಅಂತ ಪತ್ತೆ ಮಾಡಿ. ಕೆಳಗಿನ ಮನೆಯ ಸೀಲಿಂಗಿನಲ್ಲೋ ಹಿಂದಿನ ಗೋಡೆಯಲ್ಲೋ ತೇವ ಇದ್ದರೆ, ಎರಡು ದಿನ ಆ ಬಾತ್‌ರೂಮ್ ಬಳಸದೆ ಬಿಟ್ಟು ನೋಡಿ. ಬಳಸದಿದ್ದರೂ ತೇವ ಹಾಗೇ ಇದ್ದರೆ ಟ್ಯಾಂಕಿನಿಂದ ಬರುವ ನೀರಿನ ಲೈನ್ ಸೋರುತ್ತಿರುವ ಸಾಧ್ಯತೆ ಹೆಚ್ಚು, ಏಕೆಂದರೆ ಅದರಲ್ಲಿ ನೀರು ಸದಾ ತುಂಬಿರುತ್ತದೆ. ಬಳಸಿದಾಗ ಮಾತ್ರ ತೇವ ಹೆಚ್ಚಾದರೆ ನೆಲ ಅಥವಾ ಕೊಳಚೆ ಪೈಪು ಸೋರುತ್ತಿದೆ. ಇವೆರಡನ್ನು ಬೇರೆ ಮಾಡಲು ನಾನಿ ಟ್ರ್ಯಾಪಿನ (ನೆಲದ ನೀರು ಹೊರಹೋಗುವ ಜಾಲರಿ ಗುಂಡಿ) ಬಾಯಿಗೆ ಪ್ಲಾಸ್ಟಿಕ್ ಸುತ್ತಿದ ಬಟ್ಟೆ ತುರುಕಿ, ನೆಲದ ಮೇಲೆ ಒಂದು ಇಂಚು ನೀರು ನಿಲ್ಲಿಸಿ, 24 ಗಂಟೆ ಬಿಡಿ. ನೀರು ಇಳಿದು ಕೆಳಗೆ ತೇವ ಕಂಡರೆ ನೆಲದ್ದೇ ತಪ್ಪು.

ಆಮೇಲೆ ಹಳೇ ಟೈಲ್ಸನ್ನೆಲ್ಲ ನಾಣ್ಯದಿಂದ ತಟ್ಟಿ ನೋಡಿ. ಟೊಳ್ಳು ಶಬ್ದ ಬಂದ ಕಡೆ ಸೀಮೆಸುಣ್ಣದಿಂದ ಗುರುತು ಹಾಕಿ. ಹತ್ತರಲ್ಲಿ ಒಂದೋ ಎರಡೋ ಟೊಳ್ಳಾಗಿದ್ದರೆ ಗೋಡೆ ಇನ್ನೂ ಗಟ್ಟಿಯಾಗಿದೆ. ಅರ್ಧಕ್ಕರ್ಧ ಟೊಳ್ಳಾಗಿದ್ದರೆ ಪ್ಲಾಸ್ಟರ್ ಸಮೇತ ಕೀಳುವುದೇ ಸರಿ.

ನೀರಿನ ಲೈನ್ ಜಿಐ ಆಗಿದ್ದರೆ ಚರ್ಚೆಯೇ ಬೇಡ, ಬದಲಿಸಿ. ಮೂವತ್ತು ವರ್ಷದ ಜಿಐ ಪೈಪಿನ ಒಳಗೆ ತುಕ್ಕು ಕಟ್ಟಿ, ಅರ್ಧ ಇಂಚಿನ ತೂತು ಪೆನ್ಸಿಲ್ ದಪ್ಪಕ್ಕೆ ಇಳಿದಿರುತ್ತದೆ. ಹೊಸ ಶವರ್ ಹಾಕಿದರೂ ನೀರು ಸಣ್ಣಗೇ ಬರುವುದು ಇದರಿಂದಲೇ. ಅರ್ಧ ಹಳೇದು ಅರ್ಧ ಹೊಸದು ಜೋಡಿಸಲೂ ಹೋಗಬೇಡಿ. ಹಳೇ ಪೈಪಿನ ಮರೆ (ತಿರುಪಿನ ಗೆರೆ) ಸವೆದಿರುತ್ತದೆ, ಒಂದು ಕಡೆ ತಿರುಗಿಸಿದರೆ ಇನ್ನೊಂದು ಕಡೆ ಗೋಡೆಯೊಳಗೆ ಸೀಳುತ್ತದೆ.

ಎಷ್ಟು ಒಡೆಯಬೇಕು

ಖರ್ಚು ನಿಲ್ಲುವುದು ಅಥವಾ ಏರುವುದು ಈ ತೀರ್ಮಾನದ ಮೇಲೆ. ನೆಲ ಸೋರುತ್ತಿಲ್ಲ, ಗೋಡೆ ಟೈಲ್ಸ್ ಗಟ್ಟಿಯಾಗಿವೆ, ಪೈಪು ಈಗಾಗಲೇ ಸಿಪಿವಿಸಿ (ಬಿಸಿನೀರನ್ನೂ ತಡೆಯುವ ಪ್ಲಾಸ್ಟಿಕ್) ಆಗಿದೆ ಅಂದರೆ ಗೋಡೆಯ ಹಳೇ ಟೈಲ್ಸ್ ಮೇಲೇ ಹೊಸದನ್ನು ಅಂಟಿಸಬಹುದು. ಒಡೆಯುವ ಕೂಲಿ, ಡೆಬ್ರಿಸ್ ಸಾಗಿಸುವ ಬಾಡಿಗೆ, ಹೊಸ ಪ್ಲಾಸ್ಟರ್ ಮೂರೂ ಉಳಿಯುತ್ತವೆ. ಆದರೆ ಹಳೇ ಟೈಲ್ಸಿನ ಮಿರುಗು ಗ್ರೈಂಡರಿನಲ್ಲಿ ತರಚಿಹೋಗಬೇಕು, ಸೋಪಿನ ಜಿಡ್ಡು ಪೂರ್ತಿ ತೊಳೆದಿರಬೇಕು, ಟೊಳ್ಳು ಟೈಲ್ಸ್ ಕಿತ್ತು ಆ ಗುಂಡಿ ತುಂಬಿರಬೇಕು. ಚೀಲದ ಮೇಲೆ ಟೈಲ್ ಮೇಲೆ ಟೈಲ್ ಹಾಕಲು ಆಗುತ್ತದೆ ಎಂದು ಬರೆದಿರುವ ಅಡ್ಹೆಸಿವ್ ಮಾತ್ರ ತನ್ನಿ. ಬರೀ ಸಿಮೆಂಟ್ ಹಾಲಿನಲ್ಲಿ ಅಂಟಿಸಿದರೆ ಗೀಸರಿನ ಬಿಸಿಗೆ ಹಿಗ್ಗಿ ಕುಗ್ಗಿ ಒಂದೊಂದೇ ಬಿಟ್ಟುಕೊಳ್ಳುತ್ತವೆ. ಗೋಡೆ ಸುಮಾರು 12 ಮಿ.ಮೀ. ಮುಂದೆ ಬರುವುದರಿಂದ ಪ್ರತಿ ನಲ್ಲಿಗೂ ಹಿತ್ತಾಳೆಯ ಎಕ್ಸ್‌ಟೆನ್ಷನ್ ನಿಪ್ಪಲ್ (ಪೈಪಿನ ಬಾಯಿ ಉದ್ದ ಮಾಡುವ ತುಂಡು) ಬೇಕು, ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ನೆಲಕ್ಕೆ ಮಾತ್ರ ಈ ಉಪಾಯ ಬೇಡ. ನೆಲ ಎತ್ತರವಾದರೆ ಬಾಗಿಲು ತಾಗುತ್ತದೆ, ನೀರು ರೂಮಿನ ಕಡೆ ಬರುತ್ತದೆ, ಸೋರುವ ನೆಲವಾದರೆ ಮೇಲೆ ಏನು ಅಂಟಿಸಿದರೂ ಸೋರುತ್ತಲೇ ಇರುತ್ತದೆ.

ಇನ್ನೊಂದು ದೊಡ್ಡ ಉಳಿತಾಯ: ಕಮೋಡಿನ ಜಾಗ ಕದಲಿಸಬೇಡಿ. ನಾಲ್ಕಿಂಚಿನ ಪೈಪನ್ನು ಎರಡು ಅಡಿ ಸರಿಸಬೇಕೆಂದರೂ ಸಂಕನ್ ಸ್ಲ್ಯಾಬಿನಲ್ಲಿ (ಪೈಪು ಹೋಗಲೆಂದು ತಗ್ಗಿಸಿ ಕಟ್ಟಿದ ಸ್ಲ್ಯಾಬು) ತುಂಬಿದ್ದನ್ನೆಲ್ಲ ಅಗೆಯಬೇಕು, ಹೊಸದಾಗಿ ವಾಟ (ಇಳಿಜಾರು) ಕೊಡಬೇಕು, ಮತ್ತೆ ತುಂಬಬೇಕು. ವಾಷ್‌ಬೇಸಿನ್, ಶವರ್, ಗೀಸರ್ ಸರಿಸುವುದು ಇದಕ್ಕೆ ಹೋಲಿಸಿದರೆ ಏನೂ ಅಲ್ಲ.

ಅಪಾರ್ಟ್‌ಮೆಂಟಾದರೆ ಒಡೆಯುವ ಮುಂಚೆ ಅಸೋಸಿಯೇಷನ್ನಿಗೆ ತಿಳಿಸಿ, ಕೆಳಗಿನ ಮನೆಯ ಸೀಲಿಂಗಿನ ಫೋಟೋ ತೆಗೆದಿಟ್ಟುಕೊಳ್ಳಿ. ಆಮೇಲೆ ಬರುವ ಜಗಳಕ್ಕೆ ಅದೇ ಮದ್ದು.

ಲೆಕ್ಕ

5×7 ಅಡಿ ಬಾತ್‌ರೂಮಿನ ಸುತ್ತಳತೆ 24 ಅಡಿ. ಏಳು ಅಡಿ ಎತ್ತರಕ್ಕೆ ಟೈಲ್ಸ್ ಅಂದರೆ 168 ಚದರಡಿ. ಎರಡೂವರೆ ಅಡಿ ಅಗಲದ ಬಾಗಿಲು, ಒಂದು ವೆಂಟಿಲೇಟರ್ ಕಳೆದರೆ ಸುಮಾರು 147. ಕತ್ತರಿಸಿ ಹಾಳಾಗುವುದಕ್ಕೆ ಶೇ. 10 ಸೇರಿಸಿ 162 ಅನ್ನಿ. 12×18 ಇಂಚಿನ ಟೈಲ್ಸ್ ಆರರ ಬಾಕ್ಸಿನಲ್ಲಿ ಸುಮಾರು 8.7 ಚದರಡಿ ಬರುತ್ತದೆ, ಅಂದರೆ 19 ಬಾಕ್ಸ್. ನೆಲಕ್ಕೆ 35 ಚದರಡಿಯ ಜೊತೆ ಶೇ. 10, ಹತ್ತಿರ ಹತ್ತಿರ 39 ಚದರಡಿ. ಎರಡರಲ್ಲೂ ಒಂದೊಂದು ಬಾಕ್ಸ್ ಜಾಸ್ತಿ ತಂದು ಅಟ್ಟದ ಮೇಲಿಡಿ. ಮುಂದೆ ಒಂದು ಟೈಲ್ ಒಡೆದಾಗ ಆ ಡಿಸೈನ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಎಲ್ಲ ಬಾಕ್ಸಿನ ಮೇಲೂ ಒಂದೇ ಬ್ಯಾಚ್ ನಂಬರ್, ಒಂದೇ ಶೇಡ್ ಇದೆಯಾ ಎಂದು ಅಂಗಡಿಯಲ್ಲೇ ನೋಡಿ. ಬಿಳಿಯಲ್ಲೂ ಹತ್ತು ಬಿಳಿ ಇರುತ್ತವೆ.

20 ಕೆ.ಜಿ.ಯ ಒಂದು ಚೀಲ ಅಡ್ಹೆಸಿವ್ 3 ಮಿ.ಮೀ. ದಪ್ಪಕ್ಕೆ 45–50 ಚದರಡಿ ಬರುತ್ತದೆ. ಗೋಡೆ ಅಂಕುಡೊಂಕಾಗಿದ್ದರೆ ಕಡಿಮೆ. ನಾಲ್ಕರಿಂದ ಐದು ಚೀಲ ಹಿಡಿಯಿರಿ.

ಟೈಲ್ಸ್ ಆರಿಸುವಾಗ ಈ ಸಣ್ಣ ಗುಣಾಕಾರ ನೆನಪಿರಲಿ: ಚದರಡಿಗೆ 50 ರೂಪಾಯಿಯದನ್ನು ಬಿಟ್ಟು 100 ರೂಪಾಯಿಯದು ತಗೊಂಡರೆ ಗೋಡೆಗೇ 8,000 ರೂಪಾಯಿ ಹೆಚ್ಚು. ಅಷ್ಟರಲ್ಲಿ ನೆಲದ ವಾಟರ್‌ಪ್ರೂಫಿಂಗ್ ಸಾಮಾನು ಬರುತ್ತದೆ. ಅಂಗಡಿಗಳಲ್ಲಿ ಕಾಣುವ ಬಹಳಷ್ಟು ಟೈಲ್ಸ್ ಗುಜರಾತಿನ ಮೋರ್ಬಿಯಿಂದಲೇ ಬರುವಂಥವು. ಹೆಸರಿಗೆ ದುಡ್ಡು ಕೊಡುವ ಮೊದಲು ನಾಲ್ಕು ಟೈಲ್ಸನ್ನು ಒಂದಕ್ಕೊಂದು ಎದುರಾಗಿಟ್ಟು ಬಾಗಿದೆಯಾ, ಅಂಚು ನೇರ ಇದೆಯಾ ಎಂದು ಪರೀಕ್ಷಿಸಿ. ಗೋಡೆಗೆ ಸಾದಾ ಸೆರಾಮಿಕ್ ಸಾಕು. ನೆಲಕ್ಕೆ ಮಾತ್ರ ಒಳ್ಳೆಯ ಮ್ಯಾಟ್ ಆಂಟಿ-ಸ್ಕಿಡ್, 1×1 ಅಡಿಯದು. ಅಂಗಡಿಯವರು 2×2 ತೋರಿಸುತ್ತಾರೆ, ಬೇಡ ಅನ್ನಿ. ಅಷ್ಟು ದೊಡ್ಡ ಟೈಲಿನಲ್ಲಿ ಮೂಲೆಯ ಟ್ರ್ಯಾಪಿನ ಕಡೆ ವಾಟ ಕೊಡಲು ಆಗುವುದಿಲ್ಲ. ಬೋರ್‌ವೆಲ್ ನೀರಿನ ಮನೆಗೆ ಕಪ್ಪು, ಕಡುನೀಲಿಯೂ ಬೇಡ. ಒಂದು ತಿಂಗಳಿಗೆ ಉಪ್ಪಿನ ಬಿಳಿ ಪದರ ಕೂರುತ್ತದೆ, ದಿನಾ ಒರೆಸುವವರು ಯಾರು?

ಕೈಯಲ್ಲಿ ಒಂದು ಲಕ್ಷ ಇದ್ದರೆ 88,000ಕ್ಕೆ ಪಟ್ಟಿ ಬರೆಯಿರಿ. ಉಳಿದದ್ದು ಗೋಡೆ ಒಡೆದಾಗ ಸಿಗುವ ಅಚ್ಚರಿಗಳಿಗೆ.

ಒಡೆಯುವ ದಿನ

ಮನೆಗೆ ಒಂದೇ ಟಾಯ್ಲೆಟ್ ಇದ್ದರೆ ಕನಿಷ್ಠ ಎಂಟು ಹತ್ತು ದಿನದ ವ್ಯವಸ್ಥೆ ಮೊದಲೇ ಮಾಡಿಕೊಳ್ಳಿ. ಮೇಸ್ತ್ರಿ ಹೇಳುವ "ನಾಲ್ಕು ದಿನ ಸಾರ್" ನಂಬಿ ಕೂತರೆ ಕ್ಯೂರಿಂಗ್ (ಗಾರೆ ಗಟ್ಟಿಯಾಗುವ) ಕಾಲಕ್ಕೆ ಕತ್ತರಿ ಬೀಳುತ್ತದೆ.

ಮೊದಲು ಬಾತ್‌ರೂಮಿನ ಕರೆಂಟಿನ ಎಂಸಿಬಿ ಇಳಿಸಿ, ಟ್ಯಾಂಕಿನ ವಾಲ್ವ್ ಮುಚ್ಚಿ. ಒಡೆಯಲು ಶುರುಮಾಡುವ ಮುಂಚೆ ನಾನಿ ಟ್ರ್ಯಾಪ್ ಮತ್ತು ಕಮೋಡಿನ ಪೈಪಿನ ಬಾಯಿಗೆ ಗೋಣಿಚೀಲ ಉಂಡೆ ಕಟ್ಟಿ ತುರುಕಿ, ಮೇಲೆ ಪ್ಲಾಸ್ಟಿಕ್ ಬಿಗಿಯಿರಿ. ಒಂದು ಹಿಡಿ ಗಾರೆ ಒಳಗೆ ಬಿದ್ದು ಬೆಂಡಿನಲ್ಲಿ ಗಟ್ಟಿಯಾದರೆ ಟೈಲ್ಸೆಲ್ಲ ಹಾಕಿ ಮುಗಿದ ಮೇಲೆ ಗೊತ್ತಾಗುತ್ತದೆ. ಟೈಲ್ಸ್ ಮೇಲಿನಿಂದ ಕೆಳಕ್ಕೆ ಕೀಳಿಸಿ. ಡೆಬ್ರಿಸ್ ಚೀಲಗಳನ್ನು ತಾರಸಿ ಮೇಲೆ ಒಂದೇ ಕಡೆ ರಾಶಿ ಹಾಕಬೇಡಿ, ಭಾರ ತಡೆಯಲ್ಲ.

ಪೈಪಿನ ಕೆಲಸ

ಬಿಸಿ, ತಣ್ಣೀರು ಎರಡಕ್ಕೂ ಸಿಪಿವಿಸಿ ಹಾಕಿ. ಯುಪಿವಿಸಿ ತಣ್ಣೀರಿಗೆ ಮಾತ್ರ. ಮುಖ್ಯ ಲೈನ್ ಮುಕ್ಕಾಲು ಇಂಚು, ನಲ್ಲಿಗೆ ಹೋಗುವ ಕವಲು ಅರ್ಧ ಇಂಚು. ಬಾತ್‌ರೂಮಿಗೆ ಬರುವ ಕಡೆ ಒಂದು ಪ್ರತ್ಯೇಕ ವಾಲ್ವ್ ಇರಲಿ. ಮುಂದೆ ಒಂದು ವಾಷರ್ ಬದಲಿಸಲು ಇಡೀ ಮನೆಯ ನೀರು ನಿಲ್ಲಿಸಬೇಕಿಲ್ಲ. ನಲ್ಲಿ ಕೂರುವ ಪ್ರತಿ ಜಾಗದಲ್ಲೂ ಹಿತ್ತಾಳೆ ಮರೆಯ ಎಲ್ಬೋನೇ (ಪೈಪು ತಿರುಗುವ ಮೂಲೆಯ ಜೋಡಣೆ) ಹಾಕಿಸಿ. ಹತ್ತು ಎಲ್ಬೋಗೆ ಕೆಲವು ನೂರು ರೂಪಾಯಿ ಉಳಿಸಲು ಪ್ಲಾಸ್ಟಿಕ್ ಮರೆಯದು ಹಾಕಿದರೆ, ನಲ್ಲಿ ಬಿಗಿಯುವಾಗ ಗೋಡೆಯೊಳಗೇ ಬಿರುಕು ಬಿಡುತ್ತದೆ.

ಹೆಚ್ಚು ಮನೆಗಳಲ್ಲಿ ಎಡವಟ್ಟಾಗುವುದು ವಾಲ್ ಮಿಕ್ಸರಿನ (ಬಿಸಿ, ತಣ್ಣೀರು ಬೆರೆಸುವ ನಲ್ಲಿ) ಎರಡು ಪಾಯಿಂಟಿನಲ್ಲಿ. ಅವುಗಳ ನಡುವೆ ಕೇಂದ್ರದಿಂದ ಕೇಂದ್ರಕ್ಕೆ 6 ಇಂಚು ಇರಬೇಕು, ಎರಡೂ ರಸಮಟ್ಟದಲ್ಲಿ ಒಂದೇ ಸಾಲಿಗೆ ಬರಬೇಕು, ಎಡಗಡೆ ಬಿಸಿನೀರು. ಇಷ್ಟು ಎಲ್ಲ ಪ್ಲಂಬರಿಗೂ ಗೊತ್ತು. ತಪ್ಪುವುದು ಆಳ. ಬರೀ ಇಟ್ಟಿಗೆ ಗೋಡೆಯ ಮೇಲೆ ಮುಂದೆ 12 ಮಿ.ಮೀ. ಪ್ಲಾಸ್ಟರ್, 4 ಮಿ.ಮೀ. ಅಡ್ಹೆಸಿವ್, 8 ಮಿ.ಮೀ. ಟೈಲ್ ಬರುತ್ತದೆ. ಅಂದರೆ ಎಲ್ಬೋನ ಬಾಯಿ ಇಟ್ಟಿಗೆಯಿಂದ ಸುಮಾರು ಒಂದು ಇಂಚು ಆಚೆ ನಿಂತಿರಬೇಕು, ಆಗ ಅದು ಟೈಲಿನ ಮುಖಕ್ಕೆ ಸಮ ಬರುತ್ತದೆ. ಒಳಗೆ ಹೋದರೆ ನಿಪ್ಪಲ್ ಮೇಲೆ ನಿಪ್ಪಲ್ ಜೋಡಿಸಬೇಕು, ಪ್ರತಿ ಜೋಡಣೆಯೂ ಸೋರುವ ಜಾಗ. ಆಚೆ ಬಂದರೆ ಮಿಕ್ಸರಿನ ಬಟ್ಟಲು ಗೋಡೆಗೆ ಕೂರದೆ ಸಂದು ಕಾಣುತ್ತದೆ. ಪ್ಲಂಬರ್ ಕೆಲಸ ಮಾಡುವಾಗಲೇ ಒಂದು ಟೈಲ್ ತಂದು ಕೈಗೆ ಕೊಡಿ, ಹಿಡಿದು ನೋಡಿ ಗುರುತು ಹಾಕಿಕೊಳ್ಳಲಿ.

ಬಕೆಟ್ ನಲ್ಲಿಯ ಎತ್ತರ ನೆಲದ ಟೈಲಿನಿಂದ ಎರಡು ಅಡಿ. ಇದಕ್ಕಿಂತ ಕೆಳಗಿದ್ದರೆ 20 ಲೀಟರ್ ಬಕೆಟ್ ಎತ್ತುವಾಗ ಹಿಡಿಕೆ ತಾಗುತ್ತದೆ, ಮೇಲಿದ್ದರೆ ನೀರು ಸಿಡಿಯುತ್ತದೆ. ವಾಷ್‌ಬೇಸಿನ್ ಅಂಚು 32–33 ಇಂಚು. ಶವರ್ ಪಾಯಿಂಟ್ ಏಳಡಿಗೆ ಸ್ವಲ್ಪ ಕಡಿಮೆ.

ಪೈಪು ಕೂರಿಸಿ, ಅಂಟು ಒಣಗಿದ ಮೇಲೆ, ಎಲ್ಲ ಬಾಯಿಗೂ ಪ್ಲಗ್ ಹಾಕಿ ಹ್ಯಾಂಡ್ ಪಂಪಿನಿಂದ ಪ್ರೆಷರ್ ಟೆಸ್ಟ್ ಮಾಡಿಸಿ. 10 ಬಾರ್‌ಗೆ ಏರಿಸಿ ಒಂದು ಗಂಟೆ ಬಿಟ್ಟರೆ ಮುಳ್ಳು ಕದಲಬಾರದು. ಪಂಪ್ ಇಲ್ಲ ಅಂದರೆ ಬಾಡಿಗೆಗೆ ತರಿಸಿ. ಇದಾಗದೆ ಪೈಪಿಗಾಗಿ ಗೋಡೆಯಲ್ಲಿ ಕೊರೆದ ಕಾಲುವೆ ಮುಚ್ಚಲು ಬಿಡಬೇಡಿ. ಮುಚ್ಚುವ ಮುಂಚೆ ಗೋಡೆಗೆ ಅಳತೆ ಟೇಪ್ ಹಿಡಿದು ನಾಲ್ಕೂ ಗೋಡೆಯ ಫೋಟೋ ತೆಗೆದಿಡಿ, ಮುಂದೆ ಟವೆಲ್ ರಾಡಿಗೆ ಡ್ರಿಲ್ ಹಾಕುವಾಗ ಬೇಕಾಗುತ್ತದೆ.

ಹಳೇ ನಾನಿ ಟ್ರ್ಯಾಪ್ ಉಳಿಸಿಕೊಳ್ಳುವುದು ಸುಳ್ಳು ಉಳಿತಾಯ. ಟ್ರ್ಯಾಪಿನೊಳಗೆ ಸದಾ ನಿಂತಿರುವ ನೀರೇ ಚರಂಡಿ ವಾಸನೆ ತಡೆಯುವ ಬೀಗ. ಅದು ಕನಿಷ್ಠ 50 ಮಿ.ಮೀ. ಆಳ ಇರಬೇಕು. ಹಳೆಯವುಗಳಲ್ಲಿ ಅಷ್ಟು ಇರುವುದಿಲ್ಲ, ಬೇಸಿಗೆಯಲ್ಲಿ ವಾರ ಊರಿಗೆ ಹೋಗಿ ಬಂದರೆ ನೀರು ಆರಿ ಮನೆಯೆಲ್ಲ ವಾಸನೆ.

ವಾಟರ್‌ಪ್ರೂಫಿಂಗ್

ಇದರಲ್ಲಿ ಎರಡು ತಪ್ಪು ಎಲ್ಲ ಕಡೆ ನಡೆಯುತ್ತದೆ. ಒಂದು, ಒಡೆದ ಟೈಲ್ಸ್, ಮಣ್ಣನ್ನೇ ಸಂಕನ್ ಜಾಗಕ್ಕೆ ತುಂಬುವುದು. ಅದು ನೀರು ಹೀರಿಕೊಂಡು ಸ್ಪಂಜಿನ ಹಾಗೆ ವರ್ಷವಿಡೀ ತೇವವಾಗಿರುತ್ತದೆ. ಅಗೆದಿದ್ದರೆ ಇಟ್ಟಿಗೆ ಜಲ್ಲಿಗೆ ಸಿಮೆಂಟ್ ಗಾರೆ ಬೆರೆಸಿ ಬ್ರಿಕ್‌ಬ್ಯಾಟ್ ಕೋಬಾ ಮಾಡಿಸಿ, ಅದರ ಕೆಳಗೆ ಸ್ಲ್ಯಾಬಿನ ಮೇಲೂ ಒಮ್ಮೆ ಕೋಟಿಂಗ್ ಬರಲಿ. ಸೋರಿಕೆಯೇ ಇಲ್ಲದ ನೆಲವಾದರೆ ಅಷ್ಟು ಆಳಕ್ಕೆ ಹೋಗಬೇಕಿಲ್ಲ, ಟೈಲ್ಸ್ ಮತ್ತು ಅದರ ಗಾರೆ ಮಾತ್ರ ತೆಗೆಯಿರಿ.

ಎರಡನೇ ತಪ್ಪು, ಗಾರೆಗೆ ಒಂದು ಬಾಟಲಿ ಲಿಕ್ವಿಡ್ ಬೆರೆಸಿ "ವಾಟರ್‌ಪ್ರೂಫಿಂಗ್ ಆಯ್ತು" ಅನ್ನುವುದು. ಅದು ಗಾರೆಗೆ ಒಳ್ಳೆಯದೇ, ಆದರೆ ಪದರ ಆಗುವುದಿಲ್ಲ. ಪುಡಿ ಮತ್ತು ಹಾಲಿನಂಥ ದ್ರವ ಬೆರೆಸುವ, ಎರಡು ಭಾಗದ ಪಾಲಿಮರ್ ಸಿಮೆಂಟ್ ಕೋಟಿಂಗ್ ತನ್ನಿ. ನೆಲ ಪೂರ್ತಿ, ಎಲ್ಲ ಗೋಡೆಗೂ ಒಂದು ಅಡಿ ಎತ್ತರ, ಸ್ನಾನ ಮಾಡುವ ಮೂಲೆಯ ಎರಡು ಗೋಡೆಗೆ ಆರು ಅಡಿ ಎತ್ತರ. ಎಲ್ಲ ಸೇರಿ ನೂರು ಚದರಡಿಗೆ ಹತ್ತಿರ. 15 ಕೆ.ಜಿ.ಯ ಒಂದು ಸೆಟ್ ಎರಡು ಕೋಟಿಗೆ ಹೆಚ್ಚುಕಡಿಮೆ ಸಾಕಾಗುತ್ತದೆ.

ಹಚ್ಚುವ ಮುಂಚೆ ಗೋಡೆ ನೆಲ ಸೇರುವ ಮೂಲೆಯನ್ನು ಗಾರೆಯಿಂದ ಗುಂಡಗೆ ಮಾಡಿಸಿ, ಚೂಪು ಮೂಲೆಯಲ್ಲಿ ಪದರ ಸೀಳುತ್ತದೆ. ಪೈಪು ನೆಲದಿಂದ ಏಳುವ ಕಡೆ ಸುತ್ತಲೂ ಕಾಲುವೆ ತೋಡಿ ನಾನ್-ಶ್ರಿಂಕ್ ಗ್ರೌಟ್ (ಒಣಗಿದಾಗ ಕುಗ್ಗದ ಗಾರೆ) ತುಂಬಿ. ಸೋರಿಕೆ ಶುರುವಾಗುವುದು ನೆಲದ ನಡುವಿನಿಂದಲ್ಲ, ಈ ಉಂಗುರದಿಂದ. ಮೇಲ್ಮೈ ಒದ್ದೆ ಬಟ್ಟೆಯಷ್ಟು ತೇವ ಇರಲಿ, ನೀರು ನಿಂತಿರಬಾರದು. ಮೊದಲ ಕೋಟ್ ಅಡ್ಡ, ಎರಡನೆಯದು ಉದ್ದ. ಮೂಲೆಗಳಲ್ಲಿ ಎರಡು ಕೋಟಿನ ನಡುವೆ ಫೈಬರ್ ಜಾಲರಿ ಪಟ್ಟಿ.

ಚೀಲದ ಮೇಲೆ ಬರೆದಷ್ಟು ದಿನ ಒಣಗಿದ ಮೇಲೆ ಟ್ರ್ಯಾಪ್ ಮುಚ್ಚಿ, ಬಾಗಿಲಿಗೆ ಎರಡು ಇಟ್ಟಿಗೆ ಅಡ್ಡಕಟ್ಟಿ, ಎರಡು ಇಂಚು ನೀರು ನಿಲ್ಲಿಸಿ. ನೀರಿನ ಮಟ್ಟಕ್ಕೆ ಗೋಡೆಯಲ್ಲಿ ಪೆನ್ಸಿಲ್ ಗೆರೆ ಎಳೆಯಿರಿ. 48 ಗಂಟೆ. ಕೆಲವು ಮಿ.ಮೀ. ಆವಿಯಾಗಿ ಹೋಗುವುದು ಸಹಜ, ಅರ್ಧ ಇಂಚು ಇಳಿದರೆ ಎಲ್ಲೋ ದಾರಿ ಇದೆ. ಟೈಲ್ಸಿನವರು ಬಂದು ಕೂತಿದ್ದಾರೆ ಅಂತ ಈ ಎರಡು ದಿನ ಕಡಿತ ಮಾಡಬೇಡಿ.

ಟೈಲ್ಸ್

ಗೋಡೆ ಮೊದಲು, ಎರಡನೇ ಸಾಲಿನಿಂದ ಶುರು. ಕೆಳಗಿನ ಸಾಲನ್ನು ನೆಲದ ಟೈಲ್ಸ್ ಆದಮೇಲೆ ಕತ್ತರಿಸಿ ಕೂರಿಸಿದರೆ ಗೋಡೆಯ ನೀರು ನೆಲದ ಟೈಲಿನ ಮೇಲೆ ಇಳಿಯುತ್ತದೆ, ಸಂದಿಗೆ ಹೋಗುವುದಿಲ್ಲ. ಅಡ್ಹೆಸಿವನ್ನು ಹಲ್ಲಿನ ಕರಣೆಯಿಂದ ಪೂರ್ತಿ ಹರಡಬೇಕು. ನಾಲ್ಕು ಮೂಲೆಗೆ ನಾಲ್ಕು ಉಂಡೆ ಇಟ್ಟು ಅಂಟಿಸುವುದು ಹಳೇ ರೂಢಿ, ನಡುವೆ ಟೊಳ್ಳು ಉಳಿದು ಅಲ್ಲಿ ನೀರು ಸೇರುತ್ತದೆ. ಟೈಲ್ಸ್ ನಡುವೆ 2 ಮಿ.ಮೀ. ಸ್ಪೇಸರ್ ಹಾಕಿಸಿ, ಒತ್ತೊತ್ತಾಗಿ ಜೋಡಿಸಿದರೆ ಗ್ರೌಟ್ (ಟೈಲ್ಸ್ ಸಂದಿ ತುಂಬುವ ಪೇಸ್ಟ್) ಒಳಗೆ ಇಳಿಯುವುದೇ ಇಲ್ಲ.

ವಾಟ: ಸ್ನಾನದ ಕಡೆ ಅಡಿಗೆ 5–6 ಮಿ.ಮೀ., ಕಮೋಡಿನ ಕಡೆ ಅಡಿಗೆ 3 ಮಿ.ಮೀ. ಸಾಕು. ಬಾತ್‌ರೂಮಿನ ನೆಲ ಹೊರಗಿನ ನೆಲಕ್ಕಿಂತ ಕನಿಷ್ಠ ಒಂದು ಇಂಚು ತಗ್ಗಿರಲಿ, ಬಾಗಿಲಿಗೆ ಗ್ರಾನೈಟ್ ಹೊಸ್ತಿಲು. ನೆಲದ ಟೈಲ್ಸ್ ಹಸಿ ಇರುವಾಗಲೇ ಮೂಲೆ ಮೂಲೆಯಿಂದ ಗೋಲಿ ಬಿಟ್ಟು ನೋಡಿ. ಎಲ್ಲಿಂದ ಬಿಟ್ಟರೂ ಜಾಲರಿ ಕಡೆಗೇ ಉರುಳಬೇಕು. ಆಗಲೇ ಹೇಳಿದರೆ ಟೈಲ್ ಎತ್ತಿ ಸರಿಮಾಡುತ್ತಾರೆ, ಮಾರನೇ ದಿನ ಹೇಳಿದರೆ ವಾದ ಮಾಡುತ್ತಾರೆ.

ಗ್ರೌಟಿಗೆ ನೆಲ ಮತ್ತು ಸ್ನಾನದ ಮೂಲೆಗೆ ಎಪಾಕ್ಸಿ (ರಾಳದ್ದು), ಮಿಕ್ಕ ಗೋಡೆಗೆ ಸಾದಾ ಸಿಮೆಂಟಿನದು. ಕೊನೆಗೆ ಆಸಿಡ್ ಹಾಕಿ ಉಜ್ಜಿ ತೊಳೆಯಲು ಬಿಡಬೇಡಿ. ಸಿಮೆಂಟ್ ಗ್ರೌಟನ್ನು ತಿಂದುಹಾಕುತ್ತದೆ, ಅದರ ಹೊಗೆಗೆ ಹೊಸ ನಲ್ಲಿಯ ಹೊಳಪೂ ಹೋಗುತ್ತದೆ.

ಕಮೋಡ್, ನಲ್ಲಿ, ಗೀಸರ್

ನೆಲಕ್ಕೆ ಕೂರುವ ಸಾದಾ ವೆಸ್ಟರ್ನ್ ಕಮೋಡ್ ಬಜೆಟ್ಟಿಗೆ ಸರಿ. ಗೋಡೆಗೆ ತೂಗುವುದು ನೋಡಲು ಚೆಂದ, ಆದರೆ ಗೋಡೆಯೊಳಗಿನ ಫ್ರೇಮು, ಟ್ಯಾಂಕು ಎಲ್ಲ ಸೇರಿದರೆ ಖರ್ಚು ಬೇರೆಯೇ. ಕೊಳ್ಳುವ ಮುಂಚೆ ಪೈಪು ನೆಲದಲ್ಲಿದೆಯೋ ಗೋಡೆಯಲ್ಲಿದೆಯೋ ನೋಡಿ. ನೆಲದಲ್ಲಿದ್ದರೆ ಎಸ್ ಟ್ರ್ಯಾಪ್, ಗೋಡೆಯಲ್ಲಿದ್ದರೆ ಪಿ ಟ್ರ್ಯಾಪ್. ಎಸ್ ಟ್ರ್ಯಾಪಾದರೆ ಟೈಲ್ಸ್ ಹಾಕಿದ ಗೋಡೆಯಿಂದ ಪೈಪಿನ ಕೇಂದ್ರಕ್ಕೆ ಎಷ್ಟು ದೂರ ಅಂತ ಅಳೆದು ಬರೆದುಕೊಂಡು ಹೋಗಿ. 9 ಇಂಚು, 12 ಇಂಚು ಹೀಗೆ ಬೇರೆ ಬೇರೆ ಬರುತ್ತವೆ, ತಪ್ಪಿದರೆ ವಾಪಸ್ ಹೊರಬೇಕು. ಇಂಡಿಯನ್ ಕಮೋಡ್ ತೆಗೆದು ವೆಸ್ಟರ್ನ್ ಹಾಕುವಾಗ ಈ ಅಳತೆ ಬಹುತೇಕ ಹೊಂದುವುದಿಲ್ಲ, ಅದರ ಸುತ್ತ ಮಾತ್ರ ಅಗೆದು ಪೈಪ್ ಸರಿಸಬೇಕಾಗುತ್ತದೆ. ಅಷ್ಟು ಖರ್ಚು ಸೇರಿಸಿಕೊಳ್ಳಿ. ಹಳೇ ಫ್ಲಶ್ ಟ್ಯಾಂಕ್ ಒಮ್ಮೆಗೆ 10 ಲೀಟರಿಗೂ ಹೆಚ್ಚು ಬಿಡುತ್ತಿತ್ತು. ಈಗಿನ ಡ್ಯುಯಲ್ ಫ್ಲಶ್ 3 ಮತ್ತು 6 ಲೀಟರ್; ಟ್ಯಾಂಕರ್ ನೀರು ಕೊಳ್ಳುವ ಮನೆಗೆ ಇದು ಸಣ್ಣ ಮಾತಲ್ಲ.

ಛತ್ರಿಯಂಥ ದೊಡ್ಡ ಶವರ್ ಕೊಳ್ಳುವ ಮುಂಚೆ ಟ್ಯಾಂಕಿನ ಎತ್ತರ ನೋಡಿ. ಟ್ಯಾಂಕಿನ ತಳ ಶವರಿಗಿಂತ ಮೂರು ಮೀಟರ್ ಮೇಲಿದ್ದರೆ ಸಿಗುವ ಒತ್ತಡ 0.3 ಬಾರ್ ಅಷ್ಟೇ. ಅಷ್ಟರಲ್ಲಿ ಆ ಶವರ್ ಸುರಿಯುವುದಿಲ್ಲ, ತೊಟ್ಟಿಕ್ಕುತ್ತದೆ. ನಾಲ್ಕಿಂಚಿನ ಶವರ್, ಗೋಡೆಯ ಹೊರಗೆ ಕಾಣುವ ವಾಲ್ ಮಿಕ್ಸರ್ ಹಾಕಿ. ಕೆಟ್ಟರೆ ಸ್ಪ್ಯಾನರಿನಲ್ಲಿ ಬಿಚ್ಚಬಹುದು. ಗೋಡೆಯೊಳಗಿನ ಡೈವರ್ಟರ್ (ನೀರನ್ನು ನಲ್ಲಿಗೋ ಶವರಿಗೋ ತಿರುಗಿಸುವ ವಾಲ್ವ್) ಕೆಟ್ಟು, ಆ ಮಾಡೆಲಿನ ಬಿಡಿಭಾಗ ಸಿಗದಿದ್ದರೆ ಟೈಲ್ ಒಡೆಯಬೇಕು.

ಗೀಸರ್ 15 ಲೀಟರ್, 2 ಕಿಲೋವ್ಯಾಟ್ ಆದರೆ ನಾಲ್ಕು ಜನರ ಮನೆಗೆ ಒಬ್ಬರಾದ ಮೇಲೆ ಒಬ್ಬರಿಗೆ ನಡೆಯುತ್ತದೆ. ನೀರು ತುಂಬಿದಾಗ ಸುಮಾರು 25 ಕೆ.ಜಿ. ಭಾರ, ಗಟ್ಟಿ ಇಟ್ಟಿಗೆಗೇ ಫಾಸ್ಟನರ್ ಹಾಕಿಸಿ. ಅದಕ್ಕೆ ಪ್ರತ್ಯೇಕ ವೈರು, ಪ್ರತ್ಯೇಕ ಎಂಸಿಬಿ, ಸ್ವಿಚ್ ಬಾತ್‌ರೂಮಿನ ಹೊರಗೆ. ಹಳೇ ಮನೆಗಳಲ್ಲಿ ಅರ್ಥಿಂಗ್ ಹೆಸರಿಗೆ ಮಾತ್ರ ಇರುತ್ತದೆ, ಎಲೆಕ್ಟ್ರಿಷಿಯನ್ನಿಂದ ಪರೀಕ್ಷೆ ಮಾಡಿಸಿ, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಹಾಕಿಸಿ. ಇದರಲ್ಲಿ ಚೌಕಾಸಿ ಬೇಡ. ಗ್ಯಾಸ್ ಗೀಸರ್ ಇದ್ದರೆ ಅದನ್ನು ಬಾತ್‌ರೂಮಿನ ಹೊರಗೆ, ಗಾಳಿಯಾಡುವ ಕಡೆ ಕೂರಿಸಿ ಬಿಸಿನೀರಿನ ಪೈಪ್ ಮಾತ್ರ ಒಳಗೆ ತನ್ನಿ. ಮುಚ್ಚಿದ ಬಾತ್‌ರೂಮಿನಲ್ಲಿ ಅದು ಬಿಡುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಸ್ನಾನಕ್ಕೆ ಹೋದವರು ಹೊರಗೆ ಬರುವುದೇ ಇಲ್ಲ.

ಬಾಗಿಲಿಗೆ ಪಿವಿಸಿ ಅಥವಾ ಡಬ್ಲ್ಯುಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ ಹಲಗೆ), ಪ್ಲೈವುಡ್ ಮತ್ತೆ ಬೇಡ. ವೆಂಟಿಲೇಟರಿಗೆ 6 ಇಂಚಿನ ಎಕ್ಸಾಸ್ಟ್ ಫ್ಯಾನ್. ವಯಸ್ಸಾದವರಿದ್ದರೆ ಕಮೋಡಿನ ಪಕ್ಕ 33 ಇಂಚು ಎತ್ತರದಲ್ಲಿ ಸ್ಟೀಲ್ ಹಿಡಿಕೆ. ಟವೆಲ್ ರಾಡ್ ಅದರ ಕೆಲಸ ಮಾಡಲ್ಲ, ಕೈ ಊರಿದರೆ ಸ್ಕ್ರೂ ಸಮೇತ ಕೈಗೆ ಬರುತ್ತದೆ.

ಕೂಲಿಯ ಕೊನೆಯ ಕಂತು ಕೊಡುವುದು ಎಲ್ಲ ಮುಗಿದು ಒಂದು ವಾರ ಬಳಸಿದ ಮೇಲೆ ಎಂದು ಕೆಲಸ ಶುರುವಾಗುವ ದಿನವೇ ಮಾತಾಡಿಕೊಳ್ಳಿ. ಆ ವಾರದಲ್ಲಿ ಕಮೋಡಿನ ಬುಡಕ್ಕೆ ಟಿಶ್ಯೂ ಕಾಗದ ಸುತ್ತಿ ಫ್ಲಶ್ ಮಾಡಿ, ಒದ್ದೆಯಾಯಿತಾ ನೋಡಿ. ಬೇಸಿನ್ನಿನ ಕೆಳಗಿನ ಬಾಟಲ್ ಟ್ರ್ಯಾಪಿಗೂ ಹಾಗೇ. ಒಂದು ಬಕೆಟ್ ನೀರು ಒಮ್ಮೆಲೇ ಸುರಿದು, ಐದು ನಿಮಿಷ ಬಿಟ್ಟು, ಎಲ್ಲಿ ನೀರು ನಿಂತಿದೆ ಅಂತ ಮೇಸ್ತ್ರಿಯನ್ನು ಕರೆದು ತೋರಿಸಿ.